ಈಜು ಬರೋದಿಲ್ಲವೇ? ನಿಮ್ಮನ್ನೇ ಹುಡುಕುತ್ತಿದ್ದೆವು!

ನಮ್ಮ ಇಂಡಿ ಮಾಮಾನ ಮೀಸೆಗೂ, ಮುಖಕ್ಕೆ ಮಾಸ್ಕು, ಬಾಯಿಗೆ ಕೊಳವೆ ಹಾಕಿ ತೇಲುತ್ತ ಮೀನು ನೋಡುವ ಸ್ನಾರ್ಕೆಲಿಂಗಿಗೂ ಆಗಿಬರುವುದಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ಮುಂಗಡ ಕಟ್ಟಿ ಆಗಿತ್ತು. ಒಂಬತ್ತು ಮಂದಿಯ ಮುಂಗಡ. ವಾಪಸ್ ಕೊಡುವುದಿಲ್ಲ ಅಂತ ರಶೀದಿಯ ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ಇದ್ದದ್ದು ಬೇರೆ: 'ಹೊಸಬರಿಗೆ ಹೇಳಿ ಮಾಡಿಸಿದ್ದು. ಈಜು ಬೇಕಾಗಿಲ್ಲ.'

ಇದಕ್ಕೆಲ್ಲ ಮೂಲ ಅಣ್ಣ-ವೈನಿಯ ಮದುವೆಯ ಇಪ್ಪತ್ತೈದನೇ ವರ್ಷ. ವೈನಿಗೆ ಸಮುದ್ರದಲ್ಲಿ ಮುಖ ಮುಳುಗಿಸಿ ಮೀನು ನೋಡುವ ಆಸೆ. ನಾನು ಮಾಲ್ವಣ ಅಂದೆ. ಒಂದು ರಾತ್ರಿಯ ದಾರಿ, ಸಿಂಧುದುರ್ಗದ ಕೋಟೆಯ ಪಕ್ಕದಲ್ಲೇ ನೀರಿಗೆ ಇಳಿಸುತ್ತಾರೆ. "ಮಾಲ್ವಣಕ್ಕ ನಮ್ಮ ಗಲ್ಲಿಯವರೆಲ್ಲಾ ಹೋಗಿ ಬಂದಾರ" ಅಂದರು ವೈನಿ. ಹಾಗಾದರೆ ಮುರುಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ? ನಮ್ಮ ಕರ್ನಾಟಕದ್ದೇ ಅಲ್ವಾ? "ಮುರುಡೇಶ್ವರಕ್ಕ ದೇವರಿಗೆ ಹೋಗ್ತಾರ." ಚರ್ಚೆ ಮುಗಿಯಿತು. ಅಂಡಮಾನ್ ಎಂದು ತೀರ್ಮಾನವಾಯಿತು.

ಅಂಡಮಾನಿಗೂ ನಮಗೂ ಒಂದು ನಂಟಿದೆ. ಪೋರ್ಟ್ ಬ್ಲೇರಿಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟರು. ನಮ್ಮ ಬಿಜಾಪುರ 2014ರ ನವೆಂಬರ್ ಒಂದರಂದು ವಿಜಯಪುರವಾಗಿತ್ತು. ಅಂದರೆ ನಾವು ವಿಜಯಪುರದಿಂದ ಹೊರಟು ವಿಜಯಪುರಕ್ಕೇ ಹೋಗುವವರು. ಮುಂದೆ ಶ್ರೀ ಇದೆ, ಹಿಂದೆ ಒಂದು ಸೊನ್ನೆ ಇದೆ, ನಡುವೆ ಬಂಗಾಳ ಕೊಲ್ಲಿ ಇದೆ, ಅಷ್ಟೇ. ಹೆಸರು ಬದಲಾಗಿ ವರ್ಷಗಳಾದರೂ ನಮ್ಮ ಬಸ್ ಕಂಡಕ್ಟರು 'ಬಿಜಾಪುರ, ಬಿಜಾಪುರ' ಎಂದೇ ಕೂಗುತ್ತಾರೆ. ಅಂಡಮಾನಿನ ಹ್ಯಾವ್ಲಾಕ್ ದ್ವೀಪವೂ 2018ರಲ್ಲೇ ಸ್ವರಾಜ್ ದ್ವೀಪವಾಯಿತು. ಏಜೆಂಟರು ಮಾತ್ರ ಇವತ್ತಿಗೂ ಹ್ಯಾವ್ಲಾಕನ್ನೇ ಮಾರುತ್ತಾರೆ. ಹೆಸರಿಗೆ ಒಂದು ದರ, ಜಾಗಕ್ಕೆ ಒಂದು ದರ ಇರಬೇಕು.

ಏಜೆಂಟರಿಗೆ ಫೋನ್ ಮಾಡಿದ ಅನುಭವ ಹೇಳಬೇಕೆಂದರೆ ನೀವು ಒಮ್ಮೆ ಗೋಳಗುಮ್ಮಟ ಹತ್ತಿರಬೇಕು. ಮೇಲಿನ ಸುತ್ತು ಗ್ಯಾಲರಿಯಲ್ಲಿ ನಿಂತು ನೀವು ಏನು ಕೂಗುತ್ತೀರೋ ಅದೇ ಏಳು ಸಲ ನಿಮಗೆ ವಾಪಸ್ ಕೇಳುತ್ತದೆ. ಏಜೆಂಟರೂ ಹಾಗೇ.

"ಸೇಫ್ ಅದ ಏನ್ರಿ?"

"ಸೇಫ್ ಅದ ಸರ."

"ಮಕ್ಕಳಿಗೆ ನಡೀತದೇನ್ರಿ?"

"ಮಕ್ಕಳಿಗೆ ನಡೀತದ ಸರ."

"ಅರವತ್ತರ ಮ್ಯಾಲಿನವರಿಗೆ?"

"ಅರವತ್ತರ ಮ್ಯಾಲಿನವರಿಗಂತೂ ಭಾಳ ಚಲೋ ಸರ."

ಹೀಗೆ ಐದು ಕಡೆ ಫೋನ್ ಮಾಡಿದೆ. ಐದೂ ಕಡೆ ನನ್ನ ದನಿಯೇ ವಾಪಸ್ ಬಂತು. ನಮ್ಮ ಆದಿಲ್‌ಶಾಹಿಗಳು ಇಂಥ ಗುಮ್ಮಟ ಕಟ್ಟಿ ಮುಗಿಸಿದ್ದು 1656ರಲ್ಲಿ. ಪ್ರವಾಸದ ಕಂಪನಿಗಳು ಒಂದು ಮೊಬೈಲಿನಲ್ಲಿ ಕೆಲಸ ಮುಗಿಸಿವೆ.

ಈಗ ಆಯ್ಕೆಯ ವಿಷಯ. ಹೊಸಬರು ಸ್ನಾರ್ಕೆಲಿಂಗ್ ಪ್ರವಾಸವನ್ನು ಹೇಗೆ ಆರಿಸುತ್ತಾರೆ? ನಮ್ಮ ಮನೆಯಲ್ಲಿ ಮೂರು ವಾರ ನಡೆದ ವಿಚಾರಣೆ ನನಗೆ ಬಾಯಿಪಾಠವಾಗಿದೆ. ಅಣ್ಣ ಕೇಳಿದ್ದು ದರ. ವೈನಿ ಕೇಳಿದ್ದು ಫೋಟೊ, ವಿಡಿಯೊ ಸೇರಿದೆಯೋ ಬೇರೆಯೋ. ಅತ್ತಿ ಕೇಳಿದ್ದು ಬೋಟಿನಲ್ಲಿ ಬೆಳಿಗ್ಗೆ ಚಹಾ ಸಿಗುತ್ತದೋ ಇಲ್ಲವೋ, ಆ ಪಾತ್ರೆಯಲ್ಲಿ ಮೀನು ಬೇಯಿಸಿರುತ್ತಾರೋ ಏನೋ. ನನ್ನ ಮಗ ಕೇಳಿದ್ದು ನೀರಿನೊಳಗೆ ನೆಟ್‌ವರ್ಕ್. ನನ್ನ ಹೆಂಡತಿ ಏನೂ ಕೇಳಲಿಲ್ಲ. ಎರಡು ಡಬ್ಬಿ ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಕಟ್ಟಿಟ್ಟಳು. ಇಡೀ ತಂಡದಲ್ಲಿ ತಯಾರಿ ಅಂತ ಮಾಡಿಕೊಂಡಿದ್ದು ಅವಳೊಬ್ಬಳೇ.

ಮುಳುಗಿದರೆ ಎತ್ತುವವರು ಯಾರು ಎಂದು ಕೇಳಿದ್ದು ಅಣ್ಣನ ದೊಡ್ಡ ಮಗಳು. ನರ್ಸಿಂಗ್ ಓದುತ್ತಿದ್ದಾಳೆ. ಫೋನ್ ಕಸಿದುಕೊಂಡು, "ಒಬ್ಬ ಗೈಡಿಗೆ ಎಷ್ಟು ಮಂದಿ ಇರ್ತಾರ?" ಅಂದಳು. ಗೋಳಗುಮ್ಮಟ ಮೊದಲ ಸಲ ಸುಮ್ಮನಾಯಿತು. ಆಮೇಲೆ, "ನೀವು ಬರ್ರಿ ಮೇಡಂ, ಎಲ್ಲಾ ಅರೇಂಜ್ ಆಗ್ತದ" ಅಂದಿತು. ಗಾಳಿ ಎದ್ದರೆ ಪ್ರವಾಸ ರದ್ದು ಮಾಡುತ್ತೀರಾ ಅಂತ ಕೇಳಿದಳು. "ಇಲ್ಲೀತನಕ ಒಂದೂ ಕ್ಯಾನ್ಸಲ್ ಮಾಡಿಲ್ಲ" ಎಂದು ಹೆಮ್ಮೆಯಿಂದ ಹೇಳಿದರು. ಹುಡುಗಿ ಹಣೆ ಚಚ್ಚಿಕೊಂಡಳು. ನಮಗೆಲ್ಲ ಖುಷಿಯಾಯಿತು. ಎಂಥ ಭರವಸೆಯ ಕಂಪನಿ!

ಅವಳು ಬಿಡಲಿಲ್ಲ. ಸಂಜೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ ಪಾಠ ಮಾಡಿದಳು. ಹೊಸಬರು ಬೋಟಿನಿಂದ ಆಳಕ್ಕೆ ಹಾರಬಾರದು. ದಂಡೆಯಿಂದ ನಡೆದು ಹೋಗಿ, ಕಾಲು ನೆಲಕ್ಕೆ ಹತ್ತುವ ಕಡೆ ನಿಂತು, ಬಾಯಿಂದ ಉಸಿರಾಡುವುದನ್ನು ಮೊದಲು ರೂಢಿ ಮಾಡಿಕೊಳ್ಳಬೇಕು. ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು ಒಳ್ಳೆಯದು. ಲೈಫ್ ಜಾಕೆಟ್ ಅವರವರ ಅಳತೆಯದೇ ಇರಬೇಕು. ಕೊನೆಗೆ ಒಂದು ಮಾತು ಹೇಳಿದಳು, ಅದು ಕೇಳಿ ಅತ್ತಿ ಎದ್ದು ದೇವರ ಮನೆಗೆ ಹೋದರು. ಸ್ನಾರ್ಕೆಲಿಂಗಿನಲ್ಲಿ ಕಷ್ಟಕ್ಕೆ ಸಿಕ್ಕವರು ಕೈಕಾಲು ಬಡಿದು ಕೂಗುತ್ತಾರೆ ಅಂತ ಇಲ್ಲ. ಮುಖ ಕೆಳಗೆ ಮಾಡಿ ಅಲ್ಲಾಡದೆ ತೇಲುವವನು ಮೀನು ನೋಡುತ್ತಿದ್ದಾನೋ, ಎಚ್ಚರ ತಪ್ಪಿದ್ದಾನೋ, ದೂರದಿಂದ ನೋಡಿದರೆ ಎರಡೂ ಒಂದೇ ಥರ. ಅದಕ್ಕೇ ಕಣ್ಣಿಟ್ಟು ನೋಡುವವನೊಬ್ಬ ಬೇಕು.

"ಅಷ್ಟೆಲ್ಲಾ ಇದ್ದಿದ್ರ ರಶೀದಿ ಮ್ಯಾಲೆ ಹೊಸಬರಿಗೆ ಅಂತ ಯಾಕ ಬರೀತಿದ್ರು?" ಎಂದು ಅಣ್ಣ ಕೇಳಿದ. ಅವನ ಮಾತಿನಲ್ಲೂ ಅರ್ಥ ಇದೆ ಬಿಡಿ. ಸಮುದ್ರ ಆ ರಶೀದಿ ಓದಿದೆಯೋ ಇಲ್ಲವೋ ಎಂದು ಮಾತ್ರ ಯಾರೂ ವಿಚಾರಿಸಿರಲಿಲ್ಲ.

ಮಾಮಾ ಆನ್‌ಲೈನಿನಲ್ಲಿ ಒಂದು ಮಾಸ್ಕು, ಒಂದು ಕೊಳವೆ ತರಿಸಿದ್ದ. ಪ್ರಾಕ್ಟೀಸ್ ಮಾಡಬೇಕಲ್ಲ? ಎಲ್ಲಿ ಮಾಡುವುದು? ನಮ್ಮೂರಲ್ಲಿ ನೀರಿನ ಜಾಗಗಳಿಗೇನೂ ಕಡಿಮೆಯಿಲ್ಲ. 1620ರಲ್ಲಿ ಕಟ್ಟಿದ ತಾಜ್ ಬಾವಡಿ ಇದೆ, ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಲಾಬ್ ಇದೆ. ಆದರೆ ಅವು ಈಗ ಫೋಟೊ ತೆಗೆಯಲಿಕ್ಕೆ. ಕೊನೆಗೆ ನಳ ಬರುವ ದಿನ ಕಾದು, ಬಚ್ಚಲಿನ ದೊಡ್ಡ ಹಂಡೆ ತುಂಬಿಸಿ, ಮಾಮಾ ಮಾಸ್ಕು ಹಾಕಿಕೊಂಡು ಮುಖ ಇಳಿಸಿದ. ಎರಡು ಕ್ಷಣ ಶಾಂತಿ. ಆಮೇಲೆ ಹಂಡೆಯೊಳಗಿನಿಂದ ಎಮ್ಮೆ ಒದರಿದಂಥ ಸದ್ದು. ಮಾಮಾ ಮೇಲೆದ್ದಾಗ ಮಾಸ್ಕಿನೊಳಗೆ ಅರ್ಧ ನೀರು, ಮೂಗಿನಲ್ಲಿ ಉಳಿದರ್ಧ.

"ಹಂಡೇದಾಗ ಮೀಸಿ ತೊಳೀಬ್ಯಾಡ್ರಿ, ಮುಂದಿನ ನಳ ಯಾವಾಗ ಬರ್ತದೋ ಏನೋ" ಎಂದು ಅತ್ತಿ ಒಳಗಿನಿಂದಲೇ ಕೂಗಿದರು.

ಕಾರಣ ಸರಳ. ಮಾಸ್ಕಿನ ರಬ್ಬರು ಅಂಚು ಚರ್ಮಕ್ಕೆ ಅಂಟಿ ಕೂರಬೇಕು. ನಡುವೆ ಮೀಸೆ ಬಂದರೆ ಆ ಸಂದಿಯಲ್ಲಿ ನೀರು ನುಗ್ಗುತ್ತದೆ. ಮಾಸ್ಕು ಹೊಂದುತ್ತದೋ ಇಲ್ಲವೋ ಎಂದು ನೋಡಲು ಸಮುದ್ರವೂ ಬೇಡ, ಹಂಡೆಯೂ ಬೇಡ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಎಳೆದರೆ ಅದು ಬೀಳದೆ ನಿಲ್ಲಬೇಕು. ಮಾಮಾನ ಮುಖದ ಮೇಲೆ ನಿಲ್ಲಲಿಲ್ಲ. ಒಂದೋ ಮೀಸೆ ಬೋಳಿಸಬೇಕು, ಇಲ್ಲಾ ಮೂಗಿನ ಕೆಳಗೆ ವ್ಯಾಸಲೀನ್ ಮೆತ್ತಿ ನೋಡಬೇಕು. ಮೊದಲನೆಯದನ್ನು ಮಾಮಾನ ಮುಂದೆ ಹೇಳುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಎರಡನೆಯದಕ್ಕೆ ಅವನು, "ಈ ಮೀಸಿಗೆ ನಲವತ್ತು ವರ್ಷದಿಂದ ಶೇಂಗಾ ಎಣ್ಣಿ ಬಿಟ್ಟು ಬ್ಯಾರೆ ಹಚ್ಚಿಲ್ಲ" ಅಂದ.

ಐದು ಏಜೆಂಟರಲ್ಲಿ ಒಬ್ಬನೂ ಮೀಸೆಯ ಮಾತು ಎತ್ತಿರಲಿಲ್ಲ. ವಿಜಯಪುರ ಜಿಲ್ಲೆಯಲ್ಲಿ ಕೂತು ಸ್ನಾರ್ಕೆಲಿಂಗ್ ಮಾರುವವರು ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ಇನ್ನೊಂದು ತಮಾಷೆ ಎಂದರೆ, ನಮ್ಮ ಒಂಬತ್ತು ಮಂದಿಯಲ್ಲಿ ಚೆನ್ನಾಗಿ ಈಜು ಬರುವುದು ಮಾಮಾನಿಗೇ. ಹೊಲದ ಬಾವಿಯಲ್ಲಿ ಕಲಿತವನು. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಅವನ ಕಾಕಾ ಮೇಲಿನಿಂದ ದೂಡುತ್ತಿದ್ದರಂತೆ. ಹಗ್ಗದ ಇನ್ನೊಂದು ತುದಿ ಕಾಕಾನ ಕೈಯಲ್ಲಿ. ಒಬ್ಬ ಹುಡುಗನಿಗೆ ಒಬ್ಬ ಗೈಡು, ಅದೂ ರಕ್ತಸಂಬಂಧಿ. ಮುಳುಗಿದರೆ ಮನೆಗೆ ಹೋಗಿ ಅವ್ವನಿಗೆ ಉತ್ತರ ಕೊಡಬೇಕಿತ್ತು. ನಮ್ಮ ಮಕ್ಕಳಿಗೆ ಆ ಬಾವಿಗಳು ಗೊತ್ತಿಲ್ಲ. ಕೆಲವು ಬತ್ತಿವೆ, ಕೆಲವಕ್ಕೆ ಕಸ ತುಂಬಿ ಮುಚ್ಚಿದ್ದಾರೆ. ಹಾಗಾಗಿ ನೀರಿಗೆ ಹೆದರದಿರುವುದನ್ನು ಕಲಿಯಲು ಬಂಗಾಳ ಕೊಲ್ಲಿ ದಾಟಿ ಹೋಗಬೇಕಾಗಿದೆ. ಸೊಂಟಕ್ಕೆ ಹಗ್ಗ ಅಂತೂ ಪ್ಯಾಕೇಜಿನಲ್ಲಿ ಇಲ್ಲ.

ಪ್ರಯಾಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೋಳಗುಂಬಜ್ ಎಕ್ಸ್‌ಪ್ರೆಸ್ಸು, ಬೆಂಗಳೂರಿನಿಂದ ವಿಮಾನ, ಶ್ರೀ ವಿಜಯಪುರಂನಿಂದ ಹ್ಯಾವ್ಲಾಕಿಗೆ ಹಡಗು, ಹಡಗಿನಲ್ಲಿ ಅಣ್ಣನ ವಾಂತಿ. ಮರುದಿನ ಜೆಟ್ಟಿಯಿಂದ ಬೋಟಿನಲ್ಲಿ ಎಲಿಫಂಟ್ ಬೀಚ್.

ಅಲ್ಲಿ ಮೊದಲು ಕೈಗೆ ಕೊಟ್ಟಿದ್ದು ಮಾಸ್ಕಲ್ಲ, ಒಂದು ಫಾರ್ಮು. ಓದಿ ನೋಡಿದೆ. ನನ್ನ ಆರೋಗ್ಯ ಗಟ್ಟಿಯಾಗಿದೆ, ಬಿಪಿ ಇಲ್ಲ, ಹೃದಯದ ತೊಂದರೆ ಇಲ್ಲ, ಏನಾದರೂ ಆದರೆ ನಾನೇ ಹೊಣೆ. ಊರಲ್ಲಿ ಮುಂಗಡ ಇಸಿದುಕೊಳ್ಳುವಾಗ ಸಮುದ್ರ ಮೊಣಕಾಲುದ್ದ ಇತ್ತು. ಫಾರ್ಮಿನಲ್ಲಿ ಅದು ಒಮ್ಮೆಲೇ ಸಮುದ್ರದಷ್ಟು ಆಳವಾಗಿತ್ತು. ಅತ್ತಿಗೆ ಬಿಪಿ ಇದೆ ಎಂದೆ. "ನೋ ಅಂತ ಟಿಕ್ ಮಾಡಿ ಸರ್, ಎಲ್ಲರೂ ಹಾಗೇ ಮಾಡ್ತಾರೆ" ಎಂದು ಹುಡುಗ ಹಿಂದಿಯಲ್ಲಿ ಸಮಾಧಾನ ಮಾಡಿದ. ಅತ್ತಿಯ ಬಿಪಿ ಒಂದು ಟಿಕ್ಕಿಗೆ ಇಳಿಯಿತು. ಊರಿನ ಡಾಕ್ಟರಿಗೆ ಇದು ಇಷ್ಟು ವರ್ಷವಾದರೂ ಸಾಧ್ಯವಾಗಿರಲಿಲ್ಲ.

ಅಣ್ಣನ ಮಗಳು ಮಾತ್ರ 'ಎಸ್' ಎಂದು ಬರೆಸಿ, ಅತ್ತಿಯನ್ನು ಸೊಂಟದ ನೀರಿನಾಚೆ ಬಿಡಲಿಲ್ಲ. ಆ ಇಡೀ ದಂಡೆಯಲ್ಲಿ ನಿಜವಾಗಿ ಹೊಸಬರಿಗೆ ಹೇಳಿ ಮಾಡಿಸಿದ ಪ್ರವಾಸ ಮಾಡಿದ್ದು ಅತ್ತಿ ಒಬ್ಬರೇ, ಅದೂ ಕಂಪನಿಯ ದಯದಿಂದ ಅಲ್ಲ. ಅಲ್ಲೇ ನಿಂತು ಕಾಲ ಬಳಿ ಎರಡು ಮೀನು ನೋಡಿ ಕೈ ಮುಗಿದರು.

ಉಳಿದವರನ್ನು ರಬ್ಬರು ಟ್ಯೂಬಿಗೆ ಜೋಡಿಸಿ ಎಳೆದುಕೊಂಡು ಹೋದರು. ನಿಜ ಹೇಳಬೇಕೆಂದರೆ ಕೆಳಗೆ ನೋಡಿದ್ದು ಮರೆಯುವಂಥದ್ದಲ್ಲ. ಗಿಳಿಯ ಕೊಕ್ಕಿನಂಥ ಬಾಯಿಯ ಹಸಿರು-ನೀಲಿ ಮೀನೊಂದು ಹವಳವನ್ನು ಕಟಕಟ ಕಡಿಯುತ್ತಿತ್ತು. ಕಡಿದ ಕಲ್ಲನ್ನು ಅದು ಅರೆದು ಹಿಂದಿನಿಂದ ಮರಳಾಗಿ ಬಿಡುತ್ತದೆ. ನಾವು ದಂಡೆಯಲ್ಲಿ ಹೊರಳಾಡಿ ಫೋಟೊ ತೆಗೆಸಿಕೊಂಡ ಬಿಳಿ ಮರಳಲ್ಲಿ ಅವರ ಮನೆತನದ ಕೊಡುಗೆಯೂ ಉಂಟು. ಇದನ್ನು ವೈನಿಗೆ ಇನ್ನೂ ಹೇಳಿಲ್ಲ.

ಪಕ್ಕದಲ್ಲೇ ಯಾರೋ ದಣಿವಾಗಿ ಹವಳದ ಮೇಲೆ ಕಾಲೂರಿ ನಿಂತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹುಲಿ ಇರುವ ಮೊದಲ ಪಟ್ಟಿಯಲ್ಲೇ ಹವಳವೂ ಇದೆ. ಹುಲಿಯ ಮೇಲೆ ನಿಂತು ದಣಿವಾರಿಸಿಕೊಂಡವರನ್ನು ನಾನಂತೂ ನೋಡಿಲ್ಲ. ಹವಳ ಕಚ್ಚುವುದಿಲ್ಲ, ಪಾಪ. ಕಾಲಿಗೆ ಗಾಯ ಮಾಡುತ್ತದೆ ಅಷ್ಟೇ. ನಿಂತವರಿಗೆ ಅದಾಗಲೇ ಆಗಿತ್ತು.

ಹತ್ತು ನಿಮಿಷಕ್ಕೆ ಎಲ್ಲ ಮುಗಿಯಿತು. ಮೂರು ವಾರದ ಚರ್ಚೆ, ಎರಡು ದಿನದ ದಾರಿ, ಹತ್ತು ನಿಮಿಷದ ನೀರು. ಇನ್ನೂ ನೋಡಬೇಕೆಂದರೆ ಬೇರೆ ದುಡ್ಡು.

ಮಾಮಾ ನೀರಿಗೆ ಇಳಿದಿರಲಿಲ್ಲ. ದಂಡೆಯಲ್ಲಿ ಪಂಚೆ ಮೇಲೆತ್ತಿ ಕೂತು, ಸಂತೆಯಲ್ಲಿ ಲಿಂಬೆಹಣ್ಣು ಎಣಿಸುವವನ ಗಂಭೀರತೆಯಿಂದ ನಮ್ಮ ತಲೆ ಎಣಿಸುತ್ತಿದ್ದ. ಯಾರೂ ಹೇಳದೆಯೇ ಆ ಕೆಲಸ ಹಿಡಿದಿದ್ದ. ನಾವು ಹೊರಬಂದ ಕೂಡಲೇ ಎದ್ದು ನಿಂತ.

"ಲೆಕ್ಕ ಸರಿ ಅದ. ಆದ್ರ ಈ ತಾಯಿ ಯಾರು?"

ನಮ್ಮ ಟ್ಯೂಬಿನ ಕೊನೆಯಲ್ಲಿದ್ದವರು ಮಾಸ್ಕು ತೆಗೆದರು. ಅಪರಿಚಿತರು. ಅವರೂ ನಮ್ಮನ್ನು ಅಷ್ಟೇ ಗಾಬರಿಯಿಂದ ನೋಡಿದರು. ಗುಜರಾತಿನವರಂತೆ. ಎಲ್ಲರಿಗೂ ಅದೇ ಕಿತ್ತಳೆ ಜಾಕೆಟ್ಟು, ಮುಖ ಕೆಳಗೆ, ಕೊಳವೆ ಮೇಲೆ. ಫೋಟೊಗೆಂದು ನಡುನೀರಿನಲ್ಲಿ ಟ್ಯೂಬು ಬಿಡಿಸಿ ಮತ್ತೆ ಜೋಡಿಸುವಾಗ ಗೈಡು ಕೈಗೆ ಸಿಕ್ಕವರನ್ನು ಜೋಡಿಸಿದ್ದ. ಅಣ್ಣನಿಗೆ ಅಷ್ಟು ಹೊತ್ತು ಪಕ್ಕದಲ್ಲಿದ್ದವರ ಕೈ ಹಿಡಿದುಕೊಂಡಿದ್ದು ನೆನಪಾಗಿ ಮುಖ ಬಿಳಿಚಿತು. ಇಪ್ಪತ್ತೈದನೇ ವರ್ಷ ಅಲ್ವಾ, ಭಾವುಕನಾಗಿದ್ದ.

ಮಾಮಾ ಪಂಚೆ ಕಟ್ಟಿಕೊಂಡು ನೀರಿಗೆ ಹಾರುವಷ್ಟರಲ್ಲಿ ವೈನಿ ಆಚೆ ಬೋಟಿನ ಏಣಿ ಹತ್ತುತ್ತಿದ್ದರು. ಗುಜರಾತಿ ಕುಟುಂಬದ ಜೊತೆ. ಕೈಯಲ್ಲಿ ಆಗಲೇ ಅವರ ಥೇಪ್ಲಾ ರೊಟ್ಟಿ ಇತ್ತು.

ಊರಿಗೆ ಬಂದ ಮೇಲೆ ವಿಡಿಯೊ ಬಂತು. ಅದಕ್ಕೆ ಬೇರೆ ದುಡ್ಡು ಕಟ್ಟಿದ್ದೆವು. ನೀಲಿ ನೀರು, ಬಣ್ಣದ ಮೀನು, ಕ್ಯಾಮೆರಾ ಕಡೆ ಕೈ ಬೀಸುತ್ತಿರುವ ಆ ಗುಜರಾತಿ ತಾಯಿ. ಮೊದಲಿನಿಂದ ಕೊನೆಯವರೆಗೆ ಅವರೇ. ವೈನಿ ಎರಡು ಸಲ ನೋಡಿದರು. ಆಮೇಲೆ ಅದನ್ನೇ ಸ್ಟೇಟಸ್ಸಿಗೆ ಹಾಕಿದರು. ನಾನು ಯಾಕೆ ಎಂದು ಕೇಳಿದೆ.

"ಮಾಸ್ಕು ಹಾಕ್ಯಾಳ ಅಲ್ಲೇನು? ಗಲ್ಲಿಯವರಿಗೆ ಹೆಂಗ ಗೊತ್ತಾಗ್ತದ!"