ಗಾಜಿಗೆ ಸವಕಳಿ ಇಲ್ಲ

ಕೊಂಡು ನಾಲ್ಕೇ ತಿಂಗಳಾಗಿದ್ದ ಸ್ಕೂಟರನ್ನು ಹೋದ ತಿಂಗಳು ತರಕಾರಿಯವನ ತಳ್ಳುಗಾಡಿಗೆ ಗುದ್ದಿಸಿದೆ. ನನ್ನ ಮೊಣಕೈ ತರಚಿತು, ಸ್ಕೂಟರಿನ ಮುಂದಿನ ಪ್ಲಾಸ್ಟಿಕ್ ಹೊದಿಕೆ ಸೀಳಿತು, ದೀಪದ ಗಾಜು ಒಡೆಯಿತು. ಅವನ ಗಾಡಿಯ ಹಲಗೆಯೊಂದು ಎರಡಾಯಿತು. ವಿಮೆ ಇದೆಯಲ್ಲ ಎಂಬ ಧೈರ್ಯದಲ್ಲಿ ನಾನಿದ್ದರೆ, ನಷ್ಟ ಅಳೆಯಲು ಬಂದವರು ಪ್ಲಾಸ್ಟಿಕ್ಕಿನ ಬೆಲೆಯನ್ನು ಮೊದಲ ಏಟಿಗೇ ಅರ್ಧ ಮಾಡಿದರು.

‘ಹೊಸ ಗಾಡಿ ಸಾರ್, ಪೂಜೆಯ ಕುಂಕುಮ ಇನ್ನೂ ಅಳಿಸಿಲ್ಲ’ ಎಂದೆ.

‘ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ ಇವಕ್ಕೆಲ್ಲ ಮೊದಲ ದಿನದಿಂದಲೇ ಶೇಕಡಾ 50 ಸವಕಳಿ. ಲೋಹಕ್ಕೆ ಆರು ತಿಂಗಳವರೆಗೆ ಏನೂ ಕಳೆಯುವುದಿಲ್ಲ. ಗಾಜಿಗಂತೂ ಸವಕಳಿಯೇ ಇಲ್ಲ’ ಎಂದರು ಅವರು, ಮಗ್ಗಿ ಒಪ್ಪಿಸುವ ಹಾಗೆ.

ನಷ್ಟದ ದುಃಖಕ್ಕಿಂತ ಈ ಮಾತಿನ ಸೋಜಿಗವೇ ಹೆಚ್ಚಾಯಿತು. ಪ್ಲಾಸ್ಟಿಕ್ ಎಷ್ಟು ಕಾಲವಾದರೂ ಮಣ್ಣಿನಲ್ಲಿ ಕರಗದೆಂದು ಊರೆಲ್ಲ ಬೊಬ್ಬೆ ಹೊಡೆಯುತ್ತಿದೆ. ವಿಮೆಯ ಲೆಕ್ಕದಲ್ಲಿ ಅದು ಹುಟ್ಟುತ್ತಲೇ ಅರ್ಧಾಯುಷಿ. ಕೈ ಜಾರಿದರೆ ಚೂರಾಗುವ ಗಾಜು ಚಿರಂಜೀವಿ!

ಇಂಗ್ಲಿಷಿನ ಡಿಪ್ರಿಸಿಯೇಷನ್ನಿಗೆ ಕನ್ನಡದಲ್ಲಿ ಸವಕಳಿ ಎಂಬ ಪದ ಕೊಟ್ಟವರು ಯಾರೋ, ಅವರ ಕಣ್ಣಮುಂದೆ ಚಪ್ಪಲಿಯ ಹಿಮ್ಮಡಿಯೋ ಒರಳುಕಲ್ಲೋ ಇದ್ದಿರಬೇಕು. ಬೆಲೆ ಇಳಿಯುವುದು ಇಂಗ್ಲಿಷ್ ಪದದ ಒಳಗಿರುವ ಮಾತು. ನಮ್ಮ ಪದ ಬೆಲೆಯ ಗೋಜಿಗೇ ಹೋಗದೆ ವಸ್ತುವಿನ ಮೈ ಮುಟ್ಟಿ ನೋಡುತ್ತದೆ. ತಮಿಳರು ಇದನ್ನೇ ತೇಯ್‌ಮಾನಂ ಎನ್ನುತ್ತಾರೆ. ನಾವು ಗಂಧ ತೇಯುತ್ತೇವಲ್ಲ, ಅದರ ನೆಂಟಸ್ತಿಕೆಯ ಪದ. ಅಲ್ಲೂ ಉಜ್ಜಾಟವೇ.

ನಮ್ಮ ಮನೆಯ ಈಳಿಗೆಮಣೆಯನ್ನು ನೋಡಿದರೆ ಸವಕಳಿ ಏನೆಂಬುದು ತಿಳಿಯುತ್ತದೆ. ಅಜ್ಜಿಯ ಕಾಲಕ್ಕೆ ಮೂರು ಬೆರಳು ಅಗಲವಿತ್ತಂತೆ ಅದರ ಅಲಗು. ಈಗ ನಡುವಿನಲ್ಲಿ ಒಂದು ಬೆರಳಿದ್ದರೆ ಹೆಚ್ಚು. ತುದಿಯಲ್ಲಿ ಮಾತ್ರ ಹಳೆಯ ಅಗಲ ಹಾಗೇ ಉಳಿದಿದೆ, ಏಕೆಂದರೆ ಅಲ್ಲಿ ಯಾರೂ ಏನನ್ನೂ ಹೆಚ್ಚುವುದಿಲ್ಲ. ಎಷ್ಟು ಬಾಳೆದಿಂಡು, ಎಷ್ಟು ಸೌತೆಕಾಯಿ, ಎಷ್ಟು ಸಲ ಸಾಣೆ ಎಂಬುದೆಲ್ಲ ಆ ತಗ್ಗಿನಲ್ಲಿದೆ.

ಲೆಕ್ಕಪತ್ರದ ಸವಕಳಿಗೆ ಇಷ್ಟೆಲ್ಲ ದುಡಿಮೆ ಬೇಡ, ಕ್ಯಾಲೆಂಡರ್ ಸಾಕು. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇಕಡಾ 40, ಮೇಜು ಕುರ್ಚಿಗಳಿಗೆ 10. ಕಚೇರಿಗೆ 50,000 ರೂಪಾಯಿಯ ಕಂಪ್ಯೂಟರ್ ತಂದರೆ ವರ್ಷ ಕಳೆಯುವುದರೊಳಗೆ ಅದು 30,000, ಮರುವರ್ಷ 18,000, ಅದರ ಮರುವರ್ಷ 10,800. ಗುಮಾಸ್ತ ಅದರಲ್ಲಿ ಹಗಲಿರುಳು ಟೈಪು ಮಾಡಲಿ, ಇಸ್ಪೀಟಾಡಲಿ, ದರ ಒಂದೇ. ಉಳಿದುದರಲ್ಲಿ ಮತ್ತೆ ಅಷ್ಟೇ ಪಾಲು ಕಳೆಯುತ್ತ ಹೋಗುವುದರಿಂದ ಎಷ್ಟು ವರ್ಷವಾದರೂ ಸೊನ್ನೆ ಮುಟ್ಟುವುದಿಲ್ಲ. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಸವಕಳಿ ಮಾತ್ರ. ಸವಕಳಿ ಹೆಚ್ಚಿದಷ್ಟೂ ತೆರಿಗೆ ಕಡಿಮೆ, ಲೆಕ್ಕದ ವರ್ಷ ಮುಗಿಯುವುದು ಮಾರ್ಚಿಗೆ. ಹಾಗಾಗಿ ಆಡಿಟರರನ್ನು ಕೇಳಿ ನಡೆಯುವ ವ್ಯಾಪಾರಿ ಸೆಪ್ಟೆಂಬರ್ ಮುಗಿಯುವುದರೊಳಗೆ ಯಂತ್ರ ತರಿಸಿ ಓಡಿಸಿಬಿಡುತ್ತಾನೆ. ಮುಹೂರ್ತವನ್ನು ಪಂಚಾಂಗದವರಷ್ಟೇ ಇಡುವುದಿಲ್ಲ.

ಇನ್ನು ಭೂಮಿಗೆ ಸವಕಳಿಯೇ ಇಲ್ಲ. ಇದು ವಾಣಿಜ್ಯದ ಮೇಷ್ಟರು ಕಲಿಸುವ ಪಾಠ: ಕಟ್ಟಡ ಸವೆಯುತ್ತದೆ, ಅದರ ಕೆಳಗಿನ ನಿವೇಶನ ಸವೆಯುವುದಿಲ್ಲ. ಪಕ್ಕದ ಕೋಣೆಯಲ್ಲಿ ಭೂಗೋಳದ ಮೇಷ್ಟರು ಅದೇ ಹೊತ್ತಿಗೆ ‘ಮಣ್ಣಿನ ಸವಕಳಿಗೆ ಕಾರಣಗಳೇನು?’ ಎಂದು ಕೇಳುತ್ತಿರುತ್ತಾರೆ. ನಡುವಿನ ಗೋಡೆ ತೆಳುವಾಗಿದ್ದರೆ ಮಕ್ಕಳ ಗತಿಯೇನು? ಮಲೆನಾಡಿನಲ್ಲಿ ಒಂದು ಮಳೆಗಾಲ ಕಳೆದ ತೋಟದವನನ್ನು ಕೇಳಿ, ಯಾವ ಮೇಷ್ಟರು ಸರಿ ಎಂದು ಅವನೇ ಹೇಳುತ್ತಾನೆ.

ರೂಪಾಯಿಯ ವಿಷಯ ಬಂದಾಗ ಮಾತ್ರ ನಾವು ಈ ಪದವನ್ನು ಕೈಬಿಟ್ಟು ಅಪಮೌಲ್ಯ ಎನ್ನುತ್ತೇವೆ. 1966ರ ಜೂನ್ 6ರಂದು ಸರ್ಕಾರ ತಾನೇ ಕೈಯಾರೆ ಡಾಲರಿನ ದರವನ್ನು 4.76 ರೂಪಾಯಿಯಿಂದ 7.50ಕ್ಕೆ ಏರಿಸಿದ್ದೂ ಅಪಮೌಲ್ಯ, ಈಗ ಪೇಟೆಯಲ್ಲಿ ರೂಪಾಯಿ ತಾನಾಗಿ ಜಾರುವುದೂ ಅಪಮೌಲ್ಯ. ಇಂಗ್ಲಿಷಿನವರು ತಳ್ಳಿದ್ದಕ್ಕೊಂದು, ಜಾರಿದ್ದಕ್ಕೊಂದು ಪದ ಇಟ್ಟುಕೊಂಡಿದ್ದಾರೆ. ಬಿದ್ದದ್ದಂತೂ ನಿಜ ತಾನೇ, ನಮಗೆ ಒಂದೇ ಸಾಕಾಗಿದೆ. ತಮಾಷೆಯೆಂದರೆ ನಿಜವಾಗಿ ಸವೆಯುವುದು ಜೇಬಿನ ನಾಣ್ಯ. ಅಂಕಿ ಮಾಸಿದರೂ ಅಂಗಡಿಯಲ್ಲಿ ಅದು ಒಂದು ರೂಪಾಯಿಯೇ.

ಇಷ್ಟು ವಿದ್ಯೆ ತಲೆಗೇರಿದ ಮೇಲೆ ಸುಮ್ಮನಿರಲಾದೀತೇ? ತಳ್ಳುಗಾಡಿಯವನು ಹೊಸ ಹಲಗೆಗೆ 400 ರೂಪಾಯಿ ಕೇಳಿದಾಗ ನಾನೂ ನಷ್ಟ ಅಳೆಯಲು ಕೂತೆ.

‘ನಿನ್ನದು ಹತ್ತು ವರ್ಷದ ಹಲಗೆಯಪ್ಪಾ. ಸವಕಳಿ ಕಳೆದರೆ ನೂರು ರೂಪಾಯಿಯೂ ಬಾಳುವುದಿಲ್ಲ.’

ಅವನು ಕೊತ್ತಂಬರಿ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದವನು ಕೈ ನಿಲ್ಲಿಸಿದ. ‘ನೀವು ಬರುವವರೆಗೆ ದಿನಾ ಎಂಬತ್ತು ಕಿಲೋ ಹೊರುತ್ತಿತ್ತು ಸ್ವಾಮಿ’ ಎಂದ.

ನಾನೂರನ್ನೂ ಎಣಿಸಿ ಕೊಟ್ಟೆ.