ಹ್ಯೂಸ್‌ನ ಅಚ್ಚುಚಿತ್ರ: ಅಂಚು ಮೊದಲೋ ಮುಖ ಮೊದಲೋ

ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಸರ್ ಎಡ್ವರ್ಡ್ ಹ್ಯೂಸ್ ಎಂದರೆ ಮಂಗಳೂರಿನವರಿಗೂ ಥಟ್ಟನೆ ಹೊಳೆಯಲಿಕ್ಕಿಲ್ಲ. 1780ರ ಡಿಸೆಂಬರಿನಲ್ಲಿ ಅಲ್ಲಿನ ರೇವಿಗೆ ನುಗ್ಗಿ ಹೈದರ್ ಅಲಿಯ ಹಡಗುಗಳನ್ನು ನಾಶಮಾಡಿಸಿದವನು ಇವನೇ. ಜೋಶುವಾ ರೆನಾಲ್ಡ್ಸ್ ಬರೆದ ಇವನ ಎಣ್ಣೆವರ್ಣದ ಚಿತ್ರ ಲಂಡನ್ನಿನ ಗ್ರೀನಿಚ್‌ನಲ್ಲಿದೆ. ಅದನ್ನು ನೋಡಿ ತಾಮ್ರದ ತಗಡಿನಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ ಮೆಝೋಟಿಂಟ್ ಅಚ್ಚುಗಳೂ ಇವೆ.

ಇಲ್ಲಿ ಲಂಡನ್ನಿನಲ್ಲಿ ಅಚ್ಚುಚಿತ್ರ ಬಲ್ಲವರು ಮೊದಲು ನೋಡುವುದು ಕೆಳ ಅಂಚನ್ನು. ಎಡಕ್ಕೆ ಚಿತ್ರಕಾರ, ಬಲಕ್ಕೆ ತಗಡು ಕೆತ್ತಿದವನು, ಕೆಳಗೆ ಪ್ರಕಾಶಕ ಮತ್ತು ತಾರೀಖು. ಅಚ್ಚುಚಿತ್ರಗಳ ಹಕ್ಕು ಕಾಯುವ ಬ್ರಿಟನ್ನಿನ 1735ರ ಕಾಯ್ದೆಯ ಪ್ರಕಾರ ತಾರೀಖೂ ಹಕ್ಕುದಾರನ ಹೆಸರೂ ತಗಡಿನ ಮೇಲೆಯೇ ಇರಬೇಕಿತ್ತು. ಆಮೇಲೆ ಕೋಟಿನ ಮಡಿಕೆಗಳ ಕಪ್ಪು. ಮೆಝೋಟಿಂಟಿಗೆ ತಾಮ್ರದ ತಗಡನ್ನು ಹಲ್ಲಿರುವ ರಾಕರ್ ಎಂಬ ಉಪಕರಣವನ್ನು ಹಲವು ದಿಕ್ಕಿಗೆ ತೂಗಾಡಿಸಿ ಒತ್ತಿ ಇಡೀ ಮೈಯನ್ನು ತರಿತರಿ ಮಾಡುತ್ತಾರೆ. ಮುಖ, ಲೇಸು, ಗುಂಡಿ ಬೆಳ್ಳಗೆ ಬರಬೇಕಾದಲ್ಲಿ ಹೆರೆದು ನುಣುಪು ಮಾಡುತ್ತಾರೆ. ಮಸಿ ಹಿಡಿದು ಕಪ್ಪು ಕೊಡುವ ಆ ತರಿ ಪ್ರೆಸ್ಸಿನ ಒತ್ತಡಕ್ಕೆ ಬೇಗ ಸವೆಯುತ್ತದೆ. ತಡವಾಗಿ ತೆಗೆದ ಪ್ರತಿಯಲ್ಲಿ ಮಡಿಕೆಗಳೆಲ್ಲ ಬರೀ ಬೂದು. ಹ್ಯೂಸ್‌ಗೆ ‘ಸರ್’ ಎನಿಸಿದ ಬಾತ್ ಎಂಬ ನೈಟ್ ಪದವಿಯ ನಕ್ಷತ್ರ ಎಡ ಎದೆಯ ಮೇಲೆ, ಪಟ್ಟಿ ಬಲ ಹೆಗಲಿನಿಂದ ಇಳಿದಿರಬೇಕು; ಅದಲುಬದಲಾಗಿದ್ದರೆ ಯಾರೋ ಕಂಡದ್ದನ್ನು ಕಂಡಂತೆ ತಗಡಿಗಿಳಿಸಿದ್ದಾರೆ, ಅಚ್ಚಿನಲ್ಲಿ ಎಡಬಲ ಮಗುಚಿದೆ ಎಂದರ್ಥ.

ನಮ್ಮ ಕಡೆ ಹಳೆಯ ಅಚ್ಚುಗಳನ್ನು ಕಟ್ಟು ಹಾಕಿಸುವಾಗ ಈ ಅಂಚಿಗೇ ಮೊದಲ ಕತ್ತರಿ. ಚೌಕಟ್ಟಿಗೆ ಕೂರಲಿ ಅಂತ! ಹಿಂದೆ ಹಾರ್ಡ್‌ಬೋರ್ಡ್, ಅದರ ಆಮ್ಲಕ್ಕೆ ಕಾಗದ ಕಂದಾಗುತ್ತದೆ. ಗಾಜಿಗೆ ತಾಗಿದ್ದರೆ ಕರಾವಳಿಯ ತೇವಕ್ಕೆ ಮಸಿ ಗಾಜಿಗೇ ಅಂಟುತ್ತದೆ. ಬೇಕಾದದ್ದು ಆಮ್ಲವಿಲ್ಲದ ಮೌಂಟ್ ಬೋರ್ಡು, ಗಾಜಿಗೂ ಕಾಗದಕ್ಕೂ ನಡುವೆ ಮೂರು ನಾಲ್ಕು ಮಿಲಿಮೀಟರ್ ಬಿಡುವು, ಮೇಲ್ತುದಿಗೆ ಮಾತ್ರ ಜಪಾನಿ ಕಾಗದದ ಎರಡು ಪಟ್ಟಿ, ಅಂಟಿಸಲು ಗೋಧಿ ಪಿಷ್ಟದ ಅಂಟು. ಸೆಲ್ಲೊಟೇಪ್ ಖಂಡಿತ ಬೇಡ. ಬೆಳಕು ಮಂದವಾಗಿ 50 ಲಕ್ಸ್ (ಬೆಳಕಿನ ಅಳತೆ), ಅದೂ ಕೆಲವು ತಿಂಗಳು. ಮಿಕ್ಕ ಕಾಲ ಪೆಟ್ಟಿಗೆಯೊಳಗೆ.

ಆದರೆ ಸಂಗ್ರಹಾಲಯದವರು ಪೆಟ್ಟಿಗೆಯಲ್ಲಿಟ್ಟದ್ದನ್ನು ನೋಡಲು ಮುಂಚಿತವಾಗಿ ಸಮಯ ಕೇಳಬೇಕು. ಗೋಡೆಯ ಮೇಲಿದ್ದರೆ ಶಾಲೆಯ ಮಕ್ಕಳೂ ನೋಡುತ್ತಾರೆ. ಈ ವಿಷಯದಲ್ಲಿ ನನ್ನ ಮತ ಗೋಡೆಗೆ ಹಾಕುವ ನಮ್ಮ ಪದ್ಧತಿಗೇ, ಗೋಡೆಗೆ ಒಳ್ಳೆಯ ನಕಲು ಹಾಕುವುದಾದರೆ. ಇನ್ನು ಹ್ಯೂಸ್‌ನ ಮಾತು ಬಂದರೆ ಇಂಗ್ಲಿಷ್ ಬರಹಗಳು 1782–83ರಲ್ಲಿ ಫ್ರೆಂಚ್ ನೌಕಾಪಡೆಯ ನಾಯಕ ಸಫ್ರೆನ್ ಜೊತೆ ನಡೆದ ಐದು ಕಾಳಗಗಳನ್ನೇ ಹೇಳುತ್ತವೆ. ನಕಲಿನ ಕೆಳಗೆ ಅಂಚನ್ನು ಪೂರ್ತಿ ಉಳಿಸಿ, ಪಕ್ಕದ ಫಲಕದಲ್ಲಿ ಆ ಐದರ ಮೊದಲು ಮಂಗಳೂರು, 1780 ಎಂದು ಬರೆಯಲಿ.