ಉಪಗ್ರಹ ಇದೆ ಅಂತ ಟೇಪ್ ಬಿಡೋಕಾಗುತ್ತಾ?

ನಿನ್ನೆ ಒಂದು ಸಭೆಯಲ್ಲಿ ಕೂತಿದ್ದೆ. ಪರದೆ ಮೇಲೆ ಕಾಡಿನ ನಕ್ಷೆ, ಚೆನ್ನಾಗಿಯೇ ಇತ್ತು. ತೋರಿಸುತ್ತಿದ್ದವರು ನಮ್ಮ ಕಡೆ ತಿರುಗಿ, "ಎಲ್ಲಾ ಉಪಗ್ರಹದಲ್ಲೇ ಕಾಣುತ್ತಲ್ಲ, ಇನ್ನೂ ಯಾಕೆ ಟೇಪ್ ಹಿಡಿದು ಕಾಡಿಗೆ ಹೋಗ್ತೀರಿ?" ಅಂದರು. ಅಲ್ಲಿ ನನಗೆ ಮಾತೇ ಹೊರಡಲಿಲ್ಲ. ರಾತ್ರಿಯೆಲ್ಲ ಅದೇ ಮಾತು ತಲೆಯಲ್ಲಿ.

ಕಾಡಿನಲ್ಲಿ ಗುರುತು ಹಾಕಿಟ್ಟ ಜಾಗದ ಮರಗಳನ್ನು ಮತ್ತೆ ಮತ್ತೆ ಅಳೆಯುವುದು ನನ್ನ ಕೆಲಸ. ಆ ಜಾಗಕ್ಕೆ ಪ್ಲಾಟ್ ಅನ್ನುತ್ತೇವೆ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಮರದ ವ್ಯಾಸ ಅಳೆಯುವುದು. ಕೇಳೋಕೆ ಸುಲಭ. ಮರ ಇಳಿಜಾರಿನಲ್ಲಿದ್ದರೆ ಮೇಲಿನ ಬದಿಯಿಂದ ಅಳೆಯಬೇಕು. ಬುಡದಲ್ಲಿ ಹಲಗೆಯಂಥ ಬೇರು ಎದ್ದಿದ್ದರೆ ಅದನ್ನು ದಾಟಿ ಮೇಲೆ ಹೋಗಬೇಕು. ಬಳ್ಳಿ ಸುತ್ತಿದ್ದರೆ ಒಂದು ಕೈಯಲ್ಲಿ ಅದನ್ನು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅಡಿಯಿಂದ ಟೇಪ್ ತೂರಿಸಬೇಕು. ಅಷ್ಟರಲ್ಲಿ ಇರುವೆ ತೋಳು ಹತ್ತಿರುತ್ತದೆ. ಕೊಡವೋಕೆ ಕೈ ಖಾಲಿ ಇರಲ್ಲ. ಎಷ್ಟೋ ಮರ ವರ್ಷಕ್ಕೆ ದಪ್ಪವಾಗುವುದೇ ಒಂದೆರಡು ಮಿಲಿಮೀಟರ್. ಹೋದ ಸಲಕ್ಕಿಂತ ನಾಲ್ಕು ಬೆರಳು ಕೆಳಗೆ ಅಳೆದರೆ ಐದು ವರ್ಷದ ಲೆಕ್ಕವೇ ಹಾಳು. ಅದಕ್ಕೇ ಅಳೆದ ಜಾಗಕ್ಕೆ ಬಣ್ಣದ ಗೆರೆ ಎಳೆದು ಬರುತ್ತೇವೆ.

ಉಪಗ್ರಹ ಬೇಡ ಅಂತ ನಾನು ಹೇಳುತ್ತಿಲ್ಲ. ದೂರದ ಗುಡ್ಡದಲ್ಲಿ ಮರ ಕಡಿದದ್ದು, ಬೆಂಕಿ ಬಿದ್ದದ್ದು ಎಷ್ಟೋ ಸಲ ನಮಗಿಂತ ಮೊದಲು ಅದಕ್ಕೇ ಗೊತ್ತಾಗುತ್ತದೆ. ಆದರೆ ಅದು ಮರವನ್ನು ತೂಗುವುದಿಲ್ಲ. 2018ರಲ್ಲಿ ನಾಸಾ ಕಳಿಸಿದ ಜೆಡಿ ಅನ್ನುವ ಉಪಕರಣವನ್ನೇ ನೋಡಿ. ಬಾಹ್ಯಾಕಾಶ ನಿಲ್ದಾಣದಿಂದ ಲೇಸರ್ ಬಿಟ್ಟು, ಸುಮಾರು 25 ಮೀಟರ್ ಅಗಲದ ಒಂದೊಂದು ವೃತ್ತದಲ್ಲಿ ಕಾಡಿನ ಎತ್ತರ ಹೇಳುತ್ತದೆ. ಎತ್ತರ ಗೊತ್ತಾದ ಮೇಲೆ ಮರದ ತೂಕ, ಇಂಗಾಲ ಲೆಕ್ಕ ಹಾಕೋಕೆ ಸೂತ್ರ ಬೇಕಲ್ವಾ? ಆ ಸೂತ್ರ ಬಂದದ್ದು ಯಾರೋ ಟೇಪ್ ಹಿಡಿದು ಅಳೆದ ಪ್ಲಾಟ್‌ಗಳಿಂದ. ಆ ಚೆಂದದ ನಕ್ಷೆಯ ಅಡಿಯಲ್ಲಿ ಇರುವೆ ಕಚ್ಚಿಸಿಕೊಂಡ ಕೈಗಳಿವೆ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಪನಾಮಾದ ಬಾರೋ ಕೊಲರಾಡೋ ದ್ವೀಪದಲ್ಲಿ 50 ಹೆಕ್ಟೇರ್ ಪ್ಲಾಟ್ ಇದೆ. 1980ರ ದಶಕದ ಶುರುವಿನಿಂದ ಅಲ್ಲಿ 1 ಸೆಂಟಿಮೀಟರ್ ದಪ್ಪದ ಗಿಡವನ್ನೂ ಬಿಡದೆ ಅಳೆಯುತ್ತಿದ್ದಾರೆ. ಎರಡು ಲಕ್ಷಕ್ಕೂ ಜಾಸ್ತಿ ಕಾಂಡಗಳು. ದೊಡ್ಡ ಮರದ ನೆರಳಲ್ಲಿ ನಿಂತ ಬೆರಳು ದಪ್ಪದ ಗಿಡ ಯಾವ ಜಾತಿಯದು, ಬದುಕಿದೆಯೋ ಸತ್ತಿದೆಯೋ, ಮೇಲಿಂದ ಯಾರು ಹೇಳುತ್ತಾರೆ? ಬಗ್ಗಿ, ತೊಗಟೆ ಚೂರು ಕೆರೆದು, ಒಳಗೆ ಹಸಿರಿದೆಯಾ ಅಂತ ನೋಡಬೇಕು.

ಒಂದು ವಿಷಯ ಇದುವರೆಗೂ ಯಾರಿಗೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಮಳೆ ಸಂಜೆ, ಕೊನೆಯ ಮರ ಹಳ್ಳದ ಆಚೆ ಇತ್ತು. ಇಳಿಯಲಿಲ್ಲ. ಹಳೆ ಸಂಖ್ಯೆಗೆ ಅರ್ಧ ಸೆಂಟಿಮೀಟರ್ ಸೇರಿಸಿ ಸುಮ್ನೆ ಬರೆದುಬಿಟ್ಟೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಒಬ್ಬನೇ ವಾಪಸ್ ಹೋದೆ. ಹಳ್ಳ ದಾಟಿ ನೋಡಿದರೆ ಮರ ಬುಡ ಸಮೇತ ಉರುಳಿತ್ತು. ಬೇರಿಗೆ ಅಂಟಿದ ಮಣ್ಣಿನ ಮೇಲೆ ಪಾಚಿ ಬಂದಿತ್ತು. ಸತ್ತು ಎಷ್ಟೋ ತಿಂಗಳಾಗಿದ್ದ ಮರವನ್ನು ನಾನು ಬೆಳೆಸಿಬಿಟ್ಟಿದ್ದೆ. ಅಲ್ಲೇ ಕೂತು ಆ ಸಾಲು ಹೊಡೆದುಹಾಕಿ, "ಸತ್ತಿದೆ" ಅಂತ ಬರೆದೆ.

ನಾಳೆ ಮತ್ತೆ ಪ್ಲಾಟ್‌ಗೆ ಹೋಗುತ್ತಿದ್ದೇವೆ. ನಂಬರ್ ಬಿಲ್ಲೆಗಳ ಮೊಳೆ ಸರಿ ಮಾಡುವ ಕೆಲಸ ಇದೆ. ಮೊಳೆಯನ್ನು ಪೂರ್ತಿ ಹೊಡೆಯುವುದಿಲ್ಲ, ಮರ ದಪ್ಪವಾಗೋಕೆ ಜಾಗ ಬಿಟ್ಟಿರುತ್ತೇವೆ. ಹೋದ ಸಲ ನೋಡಿದಾಗ ಕೆಲವು ಮರದ ತೊಗಟೆ ಬಿಲ್ಲೆಯ ಅಂಚು ಮುಟ್ಟಿತ್ತು.